ಹದ ತಪ್ಪಿದ ಕಾವಲು: ಶ್ವಾಸಕೋಶದ ರೋಗನಿರೋಧಕ ಶಕ್ತಿ ಮತ್ತು ಉರಿಯೂತ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಉತ್ತರಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗದ ಒಂದು ಫಲಿತಾಂಶ ಹೊರಬಂತು. ಕೋವಿಡ್ ಬಂದು ಆಸ್ಪತ್ರೆ ಸೇರಿದವರಲ್ಲಿ ಒಂದು ಗುಂಪಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು, ಹೆಚ್ಚೆಂದರೆ 10 ದಿನ. ಇನ್ನೊಂದು ಗುಂಪಿಗೆ ಆ ಔಷಧ ಇಲ್ಲದ ಮಾಮೂಲಿ ಆರೈಕೆ. 28 ದಿನಗಳ ನಂತರ ಲೆಕ್ಕ ಹಾಕಿದಾಗ, ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವಿನ ಪ್ರಮಾಣ ಶೇ 41.4ರಿಂದ ಶೇ 29.3ಕ್ಕೆ ಇಳಿದಿತ್ತು. ಬರೀ ಆಕ್ಸಿಜನ್ ಬೇಕಾದವರಲ್ಲಿ ಶೇ 26.2ರಿಂದ ಶೇ 23.3ಕ್ಕೆ. ಆಕ್ಸಿಜನ್ ಬೇಕಾಗದವರಲ್ಲಿ ಮಾತ್ರ ಔಷಧ ಪಡೆದವರ ಸಾವು ಶೇ 17.8, ಪಡೆಯದವರದು ಶೇ 14. ಅಂದರೆ ಅಲ್ಲಿ ಲಾಭವಂತೂ ಇಲ್ಲ, ಕೆಡುಕಾಗಿರುವ ಸಾಧ್ಯತೆಯೇ ಹೆಚ್ಚು.

ಔಷಧ ಅದೇ, ಪ್ರಮಾಣ ಅದೇ, ವೈರಸ್ಸೂ ಅದೇ. ಒಬ್ಬರನ್ನು ಉಳಿಸಿದ್ದು ಇನ್ನೊಬ್ಬರಿಗೆ ಏಕೆ ಒದಗಲಿಲ್ಲ? ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಪ್ರಶ್ನೆಯ ಉತ್ತರದಲ್ಲಿದೆ. ಕೋವಿಡ್‌ನ ಮೊದಲ ದಿನಗಳಲ್ಲಿ ವೈರಸ್ ಭರದಿಂದ ಹೆಚ್ಚುತ್ತಿರುತ್ತದೆ. ಆಗ ದೇಹದ ಪ್ರತಿರೋಧ ಬೇಕೇಬೇಕು. ಏಳೆಂಟು ದಿನ ಕಳೆಯುವ ಹೊತ್ತಿಗೆ ವೈರಸ್ ಇಳಿಮುಖವಾಗಿರುತ್ತದೆ, ಆದರೆ ಅದನ್ನು ಅಟ್ಟಲು ಎದ್ದ ಉರಿಯೂತ ಅಡಗದೆ ಶ್ವಾಸಕೋಶವನ್ನೇ ಕೆಡಿಸತೊಡಗುತ್ತದೆ. ಆಕ್ಸಿಜನ್ ಇಳಿಯುವುದು ಸಾಮಾನ್ಯವಾಗಿ ಆಗಲೇ. ಡೆಕ್ಸಾಮೆಥಾಸೋನ್ ವೈರಸ್ಸನ್ನು ಮುಟ್ಟುವುದೇ ಇಲ್ಲ, ಅದು ತಗ್ಗಿಸುವುದು ಉರಿಯೂತವನ್ನು. ಸಮಯ ಸರಿಯಿದ್ದರೆ ಪ್ರಾಣ ಉಳಿಸುತ್ತದೆ, ಮುಂಚೆಯೇ ಕೊಟ್ಟರೆ ಕಾವಲುಗಾರನ ಕೈ ಕಟ್ಟಿದಂತಾಗುತ್ತದೆ. 2021ರ ಎರಡನೇ ಅಲೆಯಲ್ಲಿ ಆಕ್ಸಿಜನ್ 97 ಇದ್ದವರೂ ಮೂರನೇ ದಿನಕ್ಕೇ ಮನೆಯಲ್ಲಿ ಸ್ಟೀರಾಯ್ಡ್ ಮಾತ್ರೆ ನುಂಗಿದರು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿತು, ಅದರ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂತು. ಕಣ್ಣು, ದವಡೆ ಕಳೆದುಕೊಂಡವರು ನಮ್ಮ ರಾಜ್ಯದಲ್ಲೂ ಇದ್ದಾರೆ.

ಆದ್ದರಿಂದ ‘ಇಮ್ಯೂನಿಟಿ ಹೆಚ್ಚಿಸಿಕೊಳ್ಳಿ’ ಎಂಬ ಜಾಹೀರಾತಿನ ಮಾತನ್ನು ಶ್ವಾಸಕೋಶದ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಅಲ್ಲಿ ಬೇಕಿರುವುದು ಹದ.

ಏಕೆ ಹದ ಎಂದು ತಿಳಿಯಲು ಅಂಗದ ರಚನೆಯನ್ನು ಸ್ವಲ್ಪ ನೋಡಬೇಕು. ವಯಸ್ಕರೊಬ್ಬರು ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಒಳಗೆಳೆದುಕೊಳ್ಳುತ್ತಾರೆ. ಆ ಗಾಳಿ ಶ್ವಾಸನಾಳದಿಂದ ಇಳಿದು, ಕವಲೊಡೆಯುತ್ತ ಒಡೆಯುತ್ತ, ಸುಮಾರು 23 ಕವಲುಗಳ ನಂತರ ಗಾಳಿಗೂಡುಗಳನ್ನು ಮುಟ್ಟುತ್ತದೆ. ಅಂಥ ಗೂಡುಗಳು 30 ಕೋಟಿಗೂ ಹೆಚ್ಚು. ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್. ಗೂಡಿನ ಗಾಳಿಗೂ ಪಕ್ಕದ ರಕ್ತಕ್ಕೂ ನಡುವಿನ ಗೋಡೆಯ ದಪ್ಪ ಒಂದು ಮೈಕ್ರಾನ್‌ಗಿಂತ ಕಡಿಮೆ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೂ ಇಲ್ಲ. ಆಕ್ಸಿಜನ್ ದಾಟಬೇಕಾದರೆ ಅಷ್ಟು ತೆಳುವಾಗಿರಲೇಬೇಕು. ಕಾಲಿಗೆ ಮುಳ್ಳು ಚುಚ್ಚಿ ಬಾತರೆ ನಾಲ್ಕು ದಿನ ಕುಂಟಿದರಾಯಿತು. ಈ ಗೋಡೆ ಬಾತರೆ, ಗೂಡಿನಲ್ಲಿ ನೀರು ನಿಂತರೆ, ಉಸಿರೇ ಸಿಗುವುದಿಲ್ಲ. ಬೇರೆ ಅಂಗಕ್ಕೆ ಸಹ್ಯವಾದ ಉರಿಯೂತ ಇಲ್ಲಿ ಮಾರಕ.

ಹೀಗಾಗಿ ಶ್ವಾಸಕೋಶದ ಮೊದಲ ಸಾಲಿನ ಕಾವಲು ಗಲಾಟೆಯಿಲ್ಲದೆ ನಡೆಯುತ್ತದೆ. 10 ಮೈಕ್ರಾನ್‌ಗಿಂತ ದೊಡ್ಡ ಕಣಗಳು ಬಹುಪಾಲು ಮೂಗು, ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆ. ಅದಕ್ಕಿಂತ ಸಣ್ಣವು ನಾಳಗಳ ಒಳಗೋಡೆಯ ಲೋಳೆಗೆ ಅಂಟುತ್ತವೆ. ಆ ಲೋಳೆಯ ಕೆಳಗೆ ಸಿಲಿಯಾ ಎಂಬ ಸೂಕ್ಷ್ಮ ರೋಮಗಳಿವೆ. ಸೆಕೆಂಡಿಗೆ ಹತ್ತು ಹದಿನೈದು ಸಲ ಒಂದೇ ದಿಕ್ಕಿಗೆ ಬೀಸುತ್ತ, ಕೊಳೆ ಹೊತ್ತ ಲೋಳೆಯನ್ನು ನಿಮಿಷಕ್ಕೆ ಕೆಲವು ಮಿಲಿಮೀಟರ್ ವೇಗದಲ್ಲಿ ಗಂಟಲಿನತ್ತ ಸಾಗಿಸುತ್ತವೆ. ನಾವು ಗೊತ್ತಿಲ್ಲದೆ ನುಂಗಿಬಿಡುತ್ತೇವೆ. ಲೋಳೆಯಲ್ಲೇ ಬ್ಯಾಕ್ಟೀರಿಯಾದ ಗೋಡೆ ಕರಗಿಸುವ ಲೈಸೋಜೈಮ್, ಕಬ್ಬಿಣ ಸಿಗದಂತೆ ಮಾಡುವ ಲ್ಯಾಕ್ಟೋಫೆರಿನ್, ಅಂಟಿಕೊಳ್ಳಲು ಬಿಡದ ಐಜಿಎ ಪ್ರತಿಕಾಯ ಇರುತ್ತವೆ. ಬೀಡಿ ಸಿಗರೇಟಿನ ಹೊಗೆ ಮೊದಲು ಹೊಡೆಯುವುದು ಈ ಸಿಲಿಯಾಗಳನ್ನೇ. ಬೀಡಿ ಸೇದುವವರು ಬೆಳಿಗ್ಗೆ ಎದ್ದು ಕೆಮ್ಮಿ ಕೆಮ್ಮಿ ಕಫ ತೆಗೆಯುವುದು ರೋಮಗಳು ಮಾಡಬೇಕಾದ ಕೆಲಸವನ್ನು ಕೆಮ್ಮು ಮಾಡುತ್ತಿರುವುದರಿಂದ. ಬಿಟ್ಟ ಮೇಲೆ ಕೆಲವು ವಾರ ಕೆಮ್ಮು ಹೆಚ್ಚಾದಂತೆ ಅನಿಸಬಹುದು. ರೋಮಗಳು ಮತ್ತೆ ಕೆಲಸಕ್ಕೆ ಹತ್ತಿದ ಲಕ್ಷಣ ಅದು, ಹೆದರಿ ಮತ್ತೆ ಸೇದಬೇಡಿ.

ಎರಡು ಮೂರು ಮೈಕ್ರಾನ್‌ಗಿಂತ ಸಣ್ಣ ಕಣಗಳು ಇದೆಲ್ಲ ದಾಟಿ ಗೂಡಿಗೇ ಇಳಿಯುತ್ತವೆ. ಕ್ಷಯದ ಬ್ಯಾಕ್ಟೀರಿಯಾ ಹೊತ್ತ ತುಂತುರಿನ ಒಣಗಿದ ಕಣ, ಕಲ್ಲಿನ ನಯವಾದ ಧೂಳು, ಬೂಷ್ಟಿನ ಬೀಜಕಣ ಎಲ್ಲವೂ ಈ ಅಳತೆಯವೇ. ಗೂಡಿನಲ್ಲಿ ಸಿಲಿಯಾ ಇಲ್ಲ. ಅಲ್ಲಿರುವುದು ಮ್ಯಾಕ್ರೋಫೇಜ್ ಎಂಬ ನುಂಗುಕೋಶ. ಹುಟ್ಟುವ ಮುಂಚಿನಿಂದ ಬೇರೂರಿ, ಅಲ್ಲೇ ಸಂತಾನ ಬೆಳೆಸಿಕೊಳ್ಳುವ ಕೋಶ ಇದು. ಇಲಿಗಳ ಶ್ವಾಸಕೋಶವನ್ನು ಜೀವಂತವಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಒಂದೊಂದು ಮ್ಯಾಕ್ರೋಫೇಜೂ ಗೂಡಿನಿಂದ ಗೂಡಿಗೆ ತೆವಳುತ್ತ ಬಿದ್ದದ್ದನ್ನು ನುಂಗುವುದು ಕಂಡಿದೆ. ಮುಖ್ಯ ಸಂಗತಿ ಏನೆಂದರೆ, ಇದು ನುಂಗಿ ಸುಮ್ಮನಿರುತ್ತದೆ. ಗೂಡಿನ ಗೋಡೆಯ ಕೋಶಗಳೂ ಅದಕ್ಕೆ ‘ಶಾಂತವಾಗಿರು’ ಎಂಬ ರಾಸಾಯನಿಕ ಸೂಚನೆಯನ್ನು ಸದಾ ಕೊಡುತ್ತಿರುತ್ತವೆ. ದಿನವೂ ಬರುವ ಧೂಳಿಗೆಲ್ಲ ಅದು ಕೂಗು ಹಾಕಿದರೆ ನಾವು ವಾರವೂ ಬದುಕುವುದಿಲ್ಲ.

ತನ್ನ ಕೈ ಮೀರಿದಾಗ ಮಾತ್ರ ಅದು ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಕೆಲವೇ ಗಂಟೆಗಳಲ್ಲಿ ಅವು ಲಕ್ಷಗಟ್ಟಲೆ ಬರುತ್ತವೆ. ಅವುಗಳ ಕೈಯಲ್ಲಿರುವ ಎಲಾಸ್ಟೇಸ್ ಎಂಬ ಕಿಣ್ವ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಗೂಡಿಗೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ನಾರನ್ನೂ ಕತ್ತರಿಸುತ್ತದೆ. ಅದಕ್ಕೆ ಕಡಿವಾಣ ಹಾಕಲು ಯಕೃತ್ತು ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನ್ ತಯಾರಿಸಿ ಕಳಿಸುತ್ತದೆ. 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಈ ಪ್ರೋಟೀನ್ ಹುಟ್ಟಿನಿಂದಲೇ ಕಡಿಮೆ ಇದ್ದವರನ್ನು ಗುರುತಿಸಿದರು. ಅವರಲ್ಲಿ ಚಿಕ್ಕ ವಯಸ್ಸಿಗೇ ಗೂಡುಗಳು ಹರಿದು ಎಂಫಿಸೀಮಾ ಆಗಿತ್ತು. ಶ್ವಾಸಕೋಶವನ್ನು ತನ್ನದೇ ಕಾವಲಿನಿಂದ ಕಾಪಾಡಲು ಇನ್ನೊಂದು ಕಾವಲು ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ನ್ಯುಮೋನಿಯಾ ಎಂದರೆ ಇದೇ ಕದನ ಜೋರಾಗಿ ನಡೆದ ಸ್ಥಿತಿ. ಗೂಡುಗಳಲ್ಲಿ ದ್ರವ, ನ್ಯೂಟ್ರೋಫಿಲ್, ಫೈಬ್ರಿನ್ ತುಂಬಿ ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಶ್ವಾಸಕೋಶದ ಒಳಭಾಗಕ್ಕೆ ನೋವಿನ ಅರಿವಿಲ್ಲ. ಹೊರಪದರವಾದ ಪ್ಲೂರಾಕ್ಕೆ ಉರಿಯೂತ ತಗುಲಿದಾಗಲೇ ಉಸಿರೆಳೆದರೆ ಚುಚ್ಚುವುದು. ಅದಕ್ಕೇ ‘ಎದೆ ನೋವಿಲ್ಲ, ಹಾಗಾಗಿ ಏನೂ ಆಗಿಲ್ಲ’ ಎಂದು ಕೂರಬಾರದು. ನಿಮಿಷಕ್ಕೆ ಉಸಿರು ಎಷ್ಟು ಎಂದು ಎಣಿಸಿ. ದೊಡ್ಡವರಲ್ಲಿ 30 ಮುಟ್ಟಿದರೆ ಆಸ್ಪತ್ರೆಗೆ ಹೊರಡಿ. ಆಂಟಿಬಯಾಟಿಕ್‌ನಿಂದ ಜ್ವರ ಮೂರು ನಾಲ್ಕು ದಿನಕ್ಕೆ ಬಿಟ್ಟರೂ ಗೂಡು ಸ್ವಚ್ಛವಾಗುವುದು ನಿಧಾನ. ಸತ್ತ ನ್ಯೂಟ್ರೋಫಿಲ್‌ಗಳನ್ನು ಮ್ಯಾಕ್ರೋಫೇಜ್‌ಗಳು ಒಂದೊಂದಾಗಿ ನುಂಗಬೇಕು, ನುಂಗುತ್ತಲೇ ಉರಿಯೂತ ಇಳಿಸುವ ರಾಸಾಯನಿಕಗಳನ್ನು ಬಿಡಬೇಕು. ಎಕ್ಸ್‌ರೇ ತಿಳಿಯಾಗಲು ಆರು ವಾರ ಬೇಕಾಗಬಹುದು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ವಾರಕ್ಕೊಂದು ಎಕ್ಸ್‌ರೇ ತೆಗೆಸಿ ‘ಇನ್ನೂ ಮಚ್ಚೆ ಇದೆ’ ಎಂದು ಆಂಟಿಬಯಾಟಿಕ್ ಬದಲಿಸುತ್ತ ಹೋಗುವುದು ತಪ್ಪು. ಹಾಗೆಯೇ 50 ದಾಟಿದ ಬೀಡಿ ಸೇದುವವರಲ್ಲಿ ಆರರಿಂದ ಎಂಟು ವಾರದ ನಂತರವೂ ಮಚ್ಚೆ ಉಳಿದರೆ, ಅದರ ಹಿಂದೆ ಗಡ್ಡೆಯೋ ಕ್ಷಯವೋ ಇದೆಯೇ ಎಂದು ಹುಡುಕದೆ ಬಿಡುವುದೂ ತಪ್ಪು.

ಕ್ಷಯದ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಸೋಂಕು ತಗುಲಿದ ಹತ್ತು ಜನರಲ್ಲಿ ಒಂಬತ್ತು ಜನರ ದೇಹ ಬ್ಯಾಕ್ಟೀರಿಯಾವನ್ನು ಗ್ರಾನ್ಯುಲೋಮಾ ಎಂಬ ಕೋಶಗಳ ಗಂಟಿನೊಳಗೆ ಜೀವನಪೂರ್ತಿ ಕಟ್ಟಿಹಾಕಿಬಿಡುತ್ತದೆ. ಆ ಗಂಟನ್ನು ಬಿಗಿಯಾಗಿಡುವುದು ಟಿಎನ್‌ಎಫ್ ಎಂಬ ಸಂದೇಶವಾಹಕ. ಕೀಲುವಾತಕ್ಕೆ ಟಿಎನ್‌ಎಫ್ ತಡೆಯುವ ಚುಚ್ಚುಮದ್ದು ಶುರುಮಾಡುವ ಮುಂಚೆ ಕ್ಷಯದ ಪರೀಕ್ಷೆ ಕೇಳುವುದು ಇದಕ್ಕೇ, ಸುಮ್ಮನೆ ಖರ್ಚು ಮಾಡಿಸಲು ಅಲ್ಲ. ಇನ್ನೊಂದು ಕಡೆ, ಕ್ಷಯ ಜೋರಾದಾಗ ಶ್ವಾಸಕೋಶದಲ್ಲಿ ಬೀಳುವ ಪೊಳ್ಳನ್ನು ಕೊರೆಯುವುದು ಬಹುಮಟ್ಟಿಗೆ ನಮ್ಮದೇ ಕೋಶಗಳ ಕಿಣ್ವಗಳು.

ಈಗ ಕಲ್ಲಿನ ಧೂಳಿಗೆ ಬರೋಣ. ಇದು ನಮ್ಮ ನೆಲದ ಕಥೆ. ಕೋಲಾರದ ಚಿನ್ನದ ಗಣಿಯಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚುಕಲ್ಲು ಎಂದರೆ ಸ್ಫಟಿಕ ರೂಪದ ಸಿಲಿಕಾ. ಒಣ ಕಲ್ಲು ಕೊರೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದ ಕಣಗಳೇ ಅಪಾಯಕಾರಿ. 1940ರ ದಶಕದಲ್ಲಿ ಅಲ್ಲಿನ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರಿಗೂ ಹೆಚ್ಚು ಮಂದಿಗೆ ಸಿಲಿಕೋಸಿಸ್, ಅಂದರೆ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಕಂಡುಬಂತು. ಭಾರತದಲ್ಲಿ ಈ ರೋಗದ ಅಧ್ಯಯನ ಶುರುವಾದದ್ದೇ ಕೆಜಿಎಫ್‌ನ ಗಣಿಗಳಿಂದ ಎನ್ನಬಹುದು. 2001ರಲ್ಲಿ ಗಣಿ ಮುಚ್ಚಿತು, ಆದರೆ ಒಳಗೆ ಹೋದ ಸಿಲಿಕಾ ಹೊರಗೆ ಬರುವುದಿಲ್ಲ.

ಏಕೆ ಬರುವುದಿಲ್ಲ? ಮ್ಯಾಕ್ರೋಫೇಜ್ ಸಿಲಿಕಾ ಕಣವನ್ನು ಬ್ಯಾಕ್ಟೀರಿಯಾದಂತೆಯೇ ನುಂಗುತ್ತದೆ. ಬ್ಯಾಕ್ಟೀರಿಯಾ ಕರಗುತ್ತದೆ, ಕಲ್ಲು ಕರಗುವುದಿಲ್ಲ. ಹೊಸದಾಗಿ ಒಡೆದ ಹರಳಿನ ಮೇಲ್ಮೈ ಕೋಶದೊಳಗಿನ ಜೀರ್ಣಚೀಲವಾದ ಲೈಸೋಸೋಮನ್ನು ಹರಿಯುತ್ತದೆ. ಆ ಹರಿತ ಎನ್‌ಎಲ್‌ಆರ್‌ಪಿ3 ಎಂಬ ಅಪಾಯದ ಗಂಟೆಯನ್ನು ಬಾರಿಸುತ್ತದೆ. ಈ ಕೊಂಡಿ ಬಯಲಾದದ್ದು 2008ರ ಹೊತ್ತಿಗೆ. ಗಂಟೆ ಬಾರಿಸಿದರೆ ಇಂಟರ್‌ಲ್ಯೂಕಿನ್-1 ಎಂಬ ಸಂದೇಶವಾಹಕ ಹೊರಬಿದ್ದು ಉರಿಯೂತ ಹೊತ್ತಿಕೊಳ್ಳುತ್ತದೆ, ಕೋಶ ಸಾಯುತ್ತದೆ, ಕಣ ಹೊರಗೆ ಬೀಳುತ್ತದೆ. ಇನ್ನೊಂದು ಮ್ಯಾಕ್ರೋಫೇಜ್ ಬಂದು ಅದೇ ಕಣವನ್ನು ನುಂಗುತ್ತದೆ. ಮತ್ತೆ ಅದೇ ಸಾವು. ಪ್ರತಿ ಸುತ್ತಿನಲ್ಲೂ ಸುತ್ತ ಸ್ವಲ್ಪ ಸ್ವಲ್ಪ ಗಾಯದ ನಾರು ಬೆಳೆದು ಗಂಟು ಕಟ್ಟುತ್ತದೆ. ಕೆಲಸ ಬಿಟ್ಟ ಹತ್ತು ವರ್ಷದ ಮೇಲೂ ರೋಗ ಮುಂದುವರಿಯುವುದು ಇದಕ್ಕೇ. ಸ್ಟೀರಾಯ್ಡ್ ಕೊಟ್ಟರೂ ನಿಲ್ಲುವುದಿಲ್ಲ, ಕಾರಣ ಒಳಗೇ ಕೂತಿದೆಯಲ್ಲ. ಮ್ಯಾಕ್ರೋಫೇಜ್‌ಗಳು ಹೀಗೆ ಸಾಯುವ ಶ್ವಾಸಕೋಶದಲ್ಲಿ ಕ್ಷಯಕ್ಕೆ ತಡೆಯೂ ಕಡಿಮೆ. ಸಿಲಿಕೋಸಿಸ್ ಇರುವವರಿಗೆ ಕೆಮ್ಮು, ತೂಕ ಇಳಿಕೆ ಹೆಚ್ಚಾದರೆ ‘ಹಳೇ ಧೂಳಿನ ಕಾಯಿಲೆ’ ಎಂದು ಬಿಡದೆ ಕಫ ಪರೀಕ್ಷೆ ಮಾಡಿಸಲೇಬೇಕು.

ಇವತ್ತು ಈ ಧೂಳು ಕಲ್ಲು ಕ್ರಷರ್‌ಗಳಲ್ಲಿದೆ, ಎಂ-ಸ್ಯಾಂಡ್ ಘಟಕಗಳಲ್ಲಿದೆ, ಅಡುಗೆಮನೆಯ ಸ್ಲ್ಯಾಬ್ ಕತ್ತರಿಸುವ ಜಾಗದಲ್ಲಿದೆ. ಗ್ರಾನೈಟ್‌ನಲ್ಲಿ ಸಿಲಿಕಾ ಮೂರನೇ ಒಂದು ಭಾಗದ ಆಸುಪಾಸು. ಕ್ವಾರ್ಟ್ಜ್ ಎಂದು ಮಾರುವ ಕೃತಕ ಕಲ್ಲಿನಲ್ಲಿ ಶೇ 90ಕ್ಕೂ ಹೆಚ್ಚು ಇರಬಹುದು. ಆಸ್ಟ್ರೇಲಿಯಾ 2024ರ ಜುಲೈಯಿಂದ ಅದನ್ನು ನಿಷೇಧಿಸಿದೆ, ಏಕೆಂದರೆ ಕೆಲವೇ ವರ್ಷ ಕತ್ತರಿಸಿದ ಯುವಕರ ಶ್ವಾಸಕೋಶಗಳು ಹಾಳಾದವು. ತಡೆಯುವ ದಾರಿ ಒಂದೇ: ಧೂಳು ಏಳದಂತೆ ಮಾಡುವುದು. ಬ್ಲೇಡಿನ ಮೇಲೆ ಸದಾ ನೀರು ಬೀಳುತ್ತಿರಬೇಕು. ಒಣಗಿದ ಕೆಸರನ್ನು ಪೊರಕೆಯಿಂದ ಗುಡಿಸಬಾರದು, ನೀರು ಹಾಕಿಯೇ ತೆಗೆಯಬೇಕು. ಗುಡಿಸಿದರೆ ನೀರು ಹಾಕಿ ಕತ್ತರಿಸಿದ್ದೂ ವ್ಯರ್ಥ. ಮುಖಕ್ಕೆ ಸುತ್ತಿದ ಟವೆಲ್ಲಾಗಲಿ ತೆಳು ಸರ್ಜಿಕಲ್ ಮಾಸ್ಕಾಗಲಿ ಈ ಕಣಗಳನ್ನು ತಡೆಯುವುದಿಲ್ಲ. ಎನ್95 ಬೇಕು, ಅದೂ ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ನುಸುಳುತ್ತದೆ. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ. ತಾವು ಕಟ್ಟಿಸುವ ಮನೆಯಲ್ಲಿ ಕಲ್ಲು ಕತ್ತರಿಸುವವರಿಗೆ ನೀರಿನ ವ್ಯವಸ್ಥೆ ಇದೆಯೇ ಎಂದು ಮನೆ ಯಜಮಾನರು ಒಮ್ಮೆ ನೋಡಿದರೂ ಎಷ್ಟೋ ಆಗುತ್ತದೆ.

ಕಲ್ಲಿನಂಥ ಗಟ್ಟಿ ವಸ್ತುವೇ ಆಗಬೇಕೆಂದಿಲ್ಲ. ಪಾರಿವಾಳದ ಗರಿಯ ಪುಡಿ, ಹಿಕ್ಕೆಯ ಧೂಳು, ಬೂಷ್ಟು ಹಿಡಿದ ಹುಲ್ಲು ಇವು ಯಾವುವೂ ವಿಷವಲ್ಲ. ಆದರೆ ಕೆಲವರ ದೇಹ ಇವುಗಳಲ್ಲಿರುವ ಪ್ರೋಟೀನನ್ನು ಶತ್ರುವೆಂದು ಗುರುತಿಸಿ, ಗೂಡಿನ ಗೋಡೆಯಲ್ಲಿ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳನ್ನು ನೆರೆಸುತ್ತದೆ. ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಎಂಬ ಹೆಸರಿನ ಈ ಕಾಯಿಲೆ ಅಪರೂಪವಲ್ಲ. 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ (ಗೂಡಿನ ಗೋಡೆಗೆ ತಗಲುವ ಕಾಯಿಲೆಗಳ) ರಿಜಿಸ್ಟ್ರಿ 19 ನಗರಗಳ 27 ಕೇಂದ್ರಗಳಿಂದ 1,084 ರೋಗಿಗಳನ್ನು ದಾಖಲಿಸಿತ್ತು. ಅವರಲ್ಲಿ ಶೇ 47 ಮಂದಿಗೆ ಇದೇ ರೋಗ, ಮತ್ತು ಅವರಲ್ಲಿ ಅರ್ಧದಷ್ಟು ಮಂದಿ ಏರ್ ಕೂಲರ್ ಬಳಸುತ್ತಿದ್ದವರು. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಆಗುವುದಿಲ್ಲ, ನಿಜ. ಹಾಗಾದರೆ ಕಳೆದ ವರ್ಷದ ಹುಲ್ಲಿನ ಪ್ಯಾಡನ್ನು ತೆಗೆದು ಹೊಸದು ಹಾಕಿ. ಟ್ಯಾಂಕಿನ ನೀರನ್ನು ಪದೇ ಪದೇ ಚೆಲ್ಲಿ ತಿಕ್ಕಿ ತೊಳೆಯಿರಿ. ಬೇಸಿಗೆ ಮುಗಿದ ಮೇಲೆ ಪೂರಾ ಒಣಗಿಸಿಯೇ ಮೂಲೆಗಿಡಿ. ಸಕ್ಕರೆ ಕಾರ್ಖಾನೆಗಳ ಅಂಗಳದ ಕಬ್ಬಿನ ಸಿಪ್ಪೆಯದೂ ಇದೇ ಲೆಕ್ಕ: ಹಸಿ ಸಿಪ್ಪೆಯಿಂದ ಏನೂ ಆಗುವುದಿಲ್ಲ, ತೇವದಲ್ಲಿ ರಾಶಿ ಬಿದ್ದು ಒಳಗೊಳಗೇ ಕಾವೇರಿದ ಸಿಪ್ಪೆಯಲ್ಲಿ ಶಾಖ ಬಯಸುವ ಸೂಕ್ಷ್ಮಜೀವಿ ಬೆಳೆಯುತ್ತದೆ, ಅದರ ಧೂಳೇ ಕಾಯಿಲೆ ತರುವುದು.

ಒಮ್ಮೆಗೇ ಬಹಳ ಧೂಳು ಕುಡಿದರೆ ನಾಲ್ಕರಿಂದ ಎಂಟು ಗಂಟೆಯಲ್ಲಿ ಚಳಿ, ಜ್ವರ, ಕೆಮ್ಮು ಬಂದು ಎರಡು ದಿನಕ್ಕೆ ಇಳಿಯುತ್ತದೆ. ಫ್ಲೂ ಎಂದುಕೊಂಡು ಬಿಡುತ್ತಾರೆ. ದಿನವೂ ಸ್ವಲ್ಪ ಸ್ವಲ್ಪ ಸೇವಿಸುವವರದು ಇನ್ನೂ ಮೋಸದ ದಾರಿ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಯುಟಿಲಿಟಿ ಬಾಲ್ಕನಿಯಲ್ಲಿ ಪಾರಿವಾಳ ಗೂಡು ಕಟ್ಟಿರುತ್ತದೆ, ಮನೆಯಾಕೆಗೆ ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ವರ್ಷಗಟ್ಟಲೆ ‘ಅಲರ್ಜಿ’ ಮಾತ್ರೆ ನಡೆಯುತ್ತದೆ. ಕೊನೆಗೆ ಸಿ.ಟಿ. ಮಾಡಿಸಿದಾಗ ಗಾಯದ ನಾರು ಕಾಣುತ್ತದೆ, ಅದು ಮರಳಿ ಮೆತ್ತಗಾಗುವುದಿಲ್ಲ. ನಾರು ಬೆಳೆಯುವ ಮುನ್ನ ಹಕ್ಕಿಯ ಸಂಪರ್ಕ ತಪ್ಪಿಸಿದರೆ ಬಹುತೇಕ ಗುಣ. ತಪ್ಪಿಸದೆ ಸ್ಟೀರಾಯ್ಡ್ ಮಾತ್ರ ನುಂಗಿದರೆ ಪ್ರಯೋಜನ ತಾತ್ಕಾಲಿಕ. ಬಲೆ ಹಾಕಿಸಿ; ಹಿಕ್ಕೆಯನ್ನು ಒಣಗಿದ್ದಾಗ ಕೆರೆಯಬೇಡಿ, ಸೋಪಿನ ನೀರು ಚಿಮುಕಿಸಿ ನೆನೆಸಿ, ಎನ್95 ಹಾಕಿಕೊಂಡು ಒರೆಸಿ. ರೋಗ ಇರುವವರು ಆ ಕೆಲಸಕ್ಕೆ ಹೋಗಲೇಬಾರದು. ಹಕ್ಕಿ ಹೋದ ಮೇಲೂ ಅದರ ಪ್ರೋಟೀನ್ ಮನೆಯ ಧೂಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ರಕ್ತದಲ್ಲಿ ಪಾರಿವಾಳದ ಪ್ರತಿಕಾಯ ಇದೆ ಎಂಬ ಒಂದೇ ರಿಪೋರ್ಟ್ ಹಿಡಿದು ರೋಗವೆಂದು ಹೇಳಲಾಗದು. ಅದು ಸಂಪರ್ಕದ ಗುರುತು ಅಷ್ಟೇ.

ಇನ್ನು ಆಸ್ತಮಾ. ಜಾಗತಿಕ ರೋಗಭಾರದ ಅಂದಾಜಿನಂತೆ ಲೋಕದ ಆಸ್ತಮಾ ರೋಗಿಗಳಲ್ಲಿ ಭಾರತದವರು ಸುಮಾರು ಶೇ 13, ಆಸ್ತಮಾ ಸಾವುಗಳಲ್ಲಿ ನಮ್ಮ ಪಾಲು ಶೇ 40ಕ್ಕೂ ಹೆಚ್ಚು. ತಪ್ಪು ಔಷಧಕ್ಕೆ ಜೋತುಬೀಳುವುದೂ ಇದಕ್ಕೊಂದು ಕಾರಣ.

ಆಸ್ತಮಾದಲ್ಲಿ ಉರಿಯೂತ ಇರುವುದು ಗೂಡಿನಲ್ಲಲ್ಲ, ನಾಳಗಳಲ್ಲಿ. ಹೆಚ್ಚಿನವರಲ್ಲಿ ಧೂಳುಹುಳು, ಜಿರಳೆ, ಪರಾಗದಂಥವಕ್ಕೆ ಐಜಿಇ ಎಂಬ ಪ್ರತಿಕಾಯ ತಯಾರಾಗಿರುತ್ತದೆ. ಅದನ್ನು ಹೊತ್ತ ಮಾಸ್ಟ್ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೀನ್ ಎಂಬ ರಾಸಾಯನಿಕಗಳನ್ನು ಚೆಲ್ಲಿ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಇಂಟರ್‌ಲ್ಯೂಕಿನ್-5 ಕರೆದ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ನಾಳದ ಒಳಪದರವನ್ನು ಸುಲಿಯುತ್ತವೆ, ಇಂಟರ್‌ಲ್ಯೂಕಿನ್-13 ಲೋಳೆ ಹೆಚ್ಚಿಸುತ್ತದೆ. ಆಸ್ತಮಾದಿಂದ ತೀರಿಕೊಂಡವರ ನಾಳಗಳಲ್ಲಿ ಸಿಗುವುದು ಅಂಟಂಟಾದ ಲೋಳೆಯ ಬಿರಡೆಗಳು. ಸಾಲ್ಬುಟಮಾಲ್ ನೀಲಿ ಪಂಪ್ ಸ್ನಾಯುವನ್ನು ಮಾತ್ರ ಸಡಿಲಿಸುತ್ತದೆ; ಊತ, ಲೋಳೆ, ಇಯೊಸಿನೊಫಿಲ್ ಯಾವುದಕ್ಕೂ ಅದರಿಂದ ಏನೂ ಆಗುವುದಿಲ್ಲ. ಐದು ನಿಮಿಷದಲ್ಲಿ ಹಾಯೆನಿಸುತ್ತದೆ, ಒಳಗಿನ ಉರಿ ಹಾಗೇ ಇರುತ್ತದೆ. ವರ್ಷಕ್ಕೆ 200 ಸಿಂಪಡಣೆಯ ಮೂರು ನೀಲಿ ಡಬ್ಬಿ ಮುಗಿದರೆ ಉಲ್ಬಣದ ಅಪಾಯ ಏರಿದೆ ಎಂದರ್ಥ; ಹನ್ನೆರಡು ಮುಗಿದರೆ ಸಾವಿನ ಅಪಾಯ. ಹೀಗಾಗಿ 2019ರಿಂದ ಅಂತರರಾಷ್ಟ್ರೀಯ ಗೀನಾ ಮಾರ್ಗಸೂಚಿ ವಯಸ್ಕರಿಗೆ, ಹದಿಹರೆಯದವರಿಗೆ ಬರೀ ಸಾಲ್ಬುಟಮಾಲ್ ಕೊಡುವುದನ್ನು ಕೈಬಿಟ್ಟಿದೆ. ಎಷ್ಟೇ ಸೌಮ್ಯ ಆಸ್ತಮಾ ಇದ್ದರೂ ಇನ್‌ಹೇಲರ್ ಸ್ಟೀರಾಯ್ಡ್ ಜೊತೆಗಿರಲೇಬೇಕು. ಸ್ಟೀರಾಯ್ಡ್ ಆದ ಬುಡೆಸೊನೈಡ್, ಸ್ನಾಯು ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಸೇರಿದ ಒಂದೇ ಇನ್‌ಹೇಲರನ್ನು ದಿನವೂ, ಉಸಿರು ಬಿಗಿದಾಗಲೂ ಬಳಸುವ ಕ್ರಮ ಈಗ ಎಷ್ಟೋ ಜನರಿಗೆ ಸಾಕಾಗುತ್ತದೆ. ದಿನಕ್ಕೆ ಒಟ್ಟು 12 ಸಿಂಪಡಣೆ ಮೀರಬಾರದು. ಅಷ್ಟು ಬೇಕಾಗುತ್ತಿದೆ ಎಂದರೆ ಅಂದೇ ವೈದ್ಯರ ಬಳಿ ಹೋಗಬೇಕು.

‘ಸ್ಟೀರಾಯ್ಡ್’ ಎಂದೊಡನೆ ಹೆದರಿಕೆ. ಲೆಕ್ಕ ನೋಡಿ: ಕಡಿಮೆ ಪ್ರಮಾಣದ ಬುಡೆಸೊನೈಡ್ ದಿನಕ್ಕೆ 200ರಿಂದ 400 ಮೈಕ್ರೋಗ್ರಾಂ. ಉಲ್ಬಣವಾದಾಗ ನುಂಗುವ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ, ತೂಕದಲ್ಲಿ ನೂರರಿಂದ ಇನ್ನೂರು ಪಟ್ಟು. ಇನ್‌ಹೇಲರಿಗೆ ಹೆದರಿದವರು ಕೊನೆಗೆ ಮಾತ್ರೆಯನ್ನೇ ವರ್ಷಕ್ಕೆ ಹಲವು ಸಲ ನುಂಗಬೇಕಾಗುತ್ತದೆ. ನಿಜವಾದ ಕೆಡುಕು ಅಲ್ಲಿದೆ.

ಆದರೆ ಇನ್‌ಹೇಲರ್ ಸರಿಯಾಗಿ ಎಳೆಯದಿದ್ದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಪಂಪಿನಿಂದ ಹೊರಟ ಔಷಧದಲ್ಲಿ ಶ್ವಾಸಕೋಶ ಮುಟ್ಟುವುದು ಸರಿಯಾಗಿ ಎಳೆದರೂ ಶೇ 10ರಿಂದ 20. ಕ್ರಮ ಹೀಗೆ. ಮುಚ್ಚಳ ತೆಗೆದು ಚೆನ್ನಾಗಿ ಕುಲುಕಿ. ನೆಟ್ಟಗೆ ಕೂತು ಉಸಿರನ್ನು ಆದಷ್ಟೂ ಹೊರಬಿಡಿ. ಬಾಯಿಕಟ್ಟನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಬಿಗಿಯಿರಿ. ನಿಧಾನವಾಗಿ ಎಳೆಯಲು ಶುರುಮಾಡಿ, ಶುರುವಾದ ಕ್ಷಣದಲ್ಲೇ ಒಮ್ಮೆ ಒತ್ತಿ, ಮೂರರಿಂದ ಐದು ಸೆಕೆಂಡ್ ಎಳೆಯುತ್ತಲೇ ಇರಿ. ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೇ ಸಲಕ್ಕೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ ಮೊದಲಿಂದ. ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲವಾದರೆ ಬಾಯಲ್ಲಿ ಬಿಳಿ ಶಿಲೀಂಧ್ರ ಬರುತ್ತದೆ, ದನಿ ಒಡೆಯುತ್ತದೆ. ಒತ್ತುವುದೂ ಎಳೆಯುವುದೂ ಹೊಂದದವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ, ಬೇಕು. ನನ್ನ ಅಭಿಪ್ರಾಯದಲ್ಲಿ ಪಂಪ್ ಬಳಸುವ ಎಲ್ಲರಿಗೂ ಬೇಕು. ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ ತೆಗೆದು ಗಾಳಿಗೆ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್‌ಗೆ ಸ್ಥಾಯಿ ವಿದ್ಯುತ್ ಏರಿ ಔಷಧ ಗೋಡೆಗೇ ಅಂಟುತ್ತದೆ. ಪುಡಿ ಕ್ಯಾಪ್ಸೂಲ್ ಹಾಕುವ ಇನ್‌ಹೇಲರಿನದು ಇದಕ್ಕೆ ತದ್ವಿರುದ್ಧ: ಜೋರಾಗಿ, ಆಳವಾಗಿ ಎಳೆಯಬೇಕು, ಇಲ್ಲದಿದ್ದರೆ ಪುಡಿ ಏಳುವುದೇ ಇಲ್ಲ. ಅದರೊಳಕ್ಕೆ ಉಸಿರು ಊದಿದರೆ ತೇವವಾಗಿ ಪುಡಿ ಗಟ್ಟಿಯಾಗುತ್ತದೆ. ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರೂ ಇದ್ದಾರೆ, ಹಾಗಾಗಿ ಹೊಸಬರಿಗೆ ಕೊಡುವಾಗ ಎದುರಿಗೇ ಮಾಡಿಸಿ ನೋಡಬೇಕು.

ದಮ್ಮು ಹತ್ತಿದ ಎಲ್ಲರದೂ ಆಸ್ತಮಾ ಅಲ್ಲ. ದಕ್ಷಿಣ ಕನ್ನಡ, ಉಡುಪಿ, ಕಲಬುರಗಿ, ರಾಯಚೂರಿನಂಥ ಆನೆಕಾಲು ರೋಗದ ಜಿಲ್ಲೆಗಳಲ್ಲಿ, ರಾತ್ರಿ ಹೊತ್ತು ಕೆಮ್ಮು ಉಬ್ಬಸ, ಸ್ವಲ್ಪ ತೂಕ ಇಳಿಕೆ, ರಕ್ತದ ಇಯೊಸಿನೊಫಿಲ್ ಮೈಕ್ರೋಲೀಟರಿಗೆ 3,000 ದಾಟಿದ್ದರೆ, ಫೈಲೇರಿಯಾ ಹುಳುವಿನ ಮರಿಗಳು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿ ಅಲ್ಲಿನ ಉರಿಯೂತ ಕೆರಳಿದೆ ಎಂದು ಅನುಮಾನಿಸಬೇಕು. ದೇಹದ ಪ್ರತಿರೋಧ ಎಷ್ಟು ಜೋರಿರುತ್ತದೆ ಎಂದರೆ ರಾತ್ರಿ ರಕ್ತ ತೆಗೆದು ನೋಡಿದರೂ ಮರಿಗಳು ಸಿಗುವುದಿಲ್ಲ. ಫೈಲೇರಿಯಾ ಹುಳುವಿಗೆ ಕೊಡುವ ಡಿಇಸಿ ಮಾತ್ರೆ, ಕಿಲೋ ತೂಕಕ್ಕೆ ದಿನಕ್ಕೆ 6 ಮಿಲಿಗ್ರಾಂ, ಮೂರು ವಾರ: ಬಹುತೇಕರಿಗೆ ಇಷ್ಟರಲ್ಲೇ ಗುಣ ಕಾಣುತ್ತದೆ. ಗುರುತಿಸದೆ ಪಂಪ್ ಕೊಡುತ್ತ ಹೋದರೆ ಇಲ್ಲೂ ನಾರು ಬೆಳೆಯುತ್ತದೆ.

ಬೀಡಿ, ಸೌದೆ ಒಲೆಯ ಹೊಗೆಯಿಂದ ಬರುವ, ನಾಳಗಳು ಕಾಯಂ ಕಿರಿದಾಗುವ ಸಿಒಪಿಡಿ ಎಂಬ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೇಲುಗೈ ನ್ಯೂಟ್ರೋಫಿಲ್‌ಗಳದು, ಅವು ಸ್ಟೀರಾಯ್ಡಿಗೆ ಬಗ್ಗುವುದು ಕಡಿಮೆ. ಅಲ್ಲಿ ಇನ್‌ಹೇಲರ್ ಸ್ಟೀರಾಯ್ಡ್ ನ್ಯುಮೋನಿಯಾದ ಅಪಾಯ ಹೆಚ್ಚಿಸುವುದೂ ಉಂಟು. ಪದೇ ಪದೇ ಉಲ್ಬಣವಾಗುವ, ಇಯೊಸಿನೊಫಿಲ್ 300 ದಾಟಿದವರಿಗೆ ಅದು ಚೆನ್ನಾಗಿ ಒದಗುತ್ತದೆ, 100ಕ್ಕಿಂತ ಕಡಿಮೆ ಇದ್ದವರಿಗೆ ಒದಗುವುದಿಲ್ಲ. ನೂರಿನ್ನೂರು ರೂಪಾಯಿಯ ಒಂದು ರಕ್ತಪರೀಕ್ಷೆ ಇಷ್ಟು ಹೇಳುತ್ತದೆ.

ಇನ್ನು ಸಭಿಕರ ಪ್ರಶ್ನೆಗಳು.

ಅರಿಶಿನದ ಹಾಲು, ಕಷಾಯ ಕುಡಿದರೆ ಉರಿಯೂತ ಇಳಿಯುವುದಿಲ್ಲವೇ? ಗಂಟಲಿಗೆ ಹಿತವಾಗುತ್ತದೆ, ಕುಡಿಯಿರಿ. ಅರಿಶಿನದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಶ್ವಾಸಕೋಶದ ಕಾಯಿಲೆಗೆ ಅದನ್ನೇ ನೆಚ್ಚಿ ಇನ್‌ಹೇಲರ್ ಬಿಡಬೇಡಿ. ಹಬೆ ಮೂಗಿನ ಕಟ್ಟು ಬಿಡಿಸುತ್ತದೆ, ವೈರಸ್ಸನ್ನು ಕೊಲ್ಲುವುದಿಲ್ಲ. ಬಿಸಿನೀರಿನ ಪಾತ್ರೆ ಮಗುಚಿ ಮಕ್ಕಳ ಮೈ ಸುಟ್ಟುಕೊಳ್ಳುತ್ತದೆ, ಮಕ್ಕಳಿಗೆ ಆ ರೀತಿ ಹಬೆ ಕೊಡುವುದು ಬೇಡವೇ ಬೇಡ.

ಸೊಸೆ ಬಸುರಿ, ಆಸ್ತಮಾ ಇದೆ, ಪಂಪ್ ನಿಲ್ಲಿಸಬೇಕೇ? ನಿಲ್ಲಿಸಬೇಡಿ. ಬುಡೆಸೊನೈಡ್ ಗರ್ಭಿಣಿಯರಲ್ಲಿ ಬಹಳ ವರ್ಷಗಳಿಂದ ಬಳಕೆಯಲ್ಲಿದೆ. ತಾಯಿಯ ಆಕ್ಸಿಜನ್ ಇಳಿದರೆ ಮಗುವಿಗೆ ಆಗುವ ಅಪಾಯವೇ ದೊಡ್ಡದು.

ಲಸಿಕೆಗಳಿಂದ ಉರಿಯೂತ ಹೆಚ್ಚುವುದಿಲ್ಲವೇ? ಒಂದೆರಡು ದಿನ ಮೈಕೈ ನೋವು, ಸಣ್ಣ ಜ್ವರ ಬರಬಹುದು. ಸಿಒಪಿಡಿ, ಆಸ್ತಮಾ, ಸಕ್ಕರೆ ಕಾಯಿಲೆ ಇರುವವರು, 65 ದಾಟಿದವರು ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ ವೈದ್ಯರು ಹೇಳಿದಂತೆ ನ್ಯುಮೊಕಾಕಸ್ ಲಸಿಕೆಯನ್ನೂ ಹಾಕಿಸಿಕೊಳ್ಳಿ. ಮೊದಲೇ ಪರಿಚಯವಾದ ಶತ್ರುವನ್ನು ದೇಹ ಬೇಗ ಗುರುತಿಸಿ ಮುಗಿಸುತ್ತದೆ, ಉರಿಯೂತ ಉದ್ದಕ್ಕೆ ಎಳೆಯುವುದಿಲ್ಲ.

ನಡುರಾತ್ರಿ ದಮ್ಮು ಜೋರಾದರೆ ಆಸ್ಪತ್ರೆ ಸೇರುವವರೆಗೆ ಏನು ಮಾಡುವುದು? ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಸಾಲ್ಬುಟಮಾಲ್ ಪಂಪನ್ನು ಸ್ಪೇಸರಿಗೆ ಹಾಕಿ ಒಂದೊಂದೇ ಸಿಂಪಡಣೆಯಂತೆ ನಾಲ್ಕರಿಂದ ಹತ್ತು ಕೊಡಿ, 20 ನಿಮಿಷಕ್ಕೊಮ್ಮೆ, ಮೊದಲ ಒಂದು ಗಂಟೆ. ಸ್ಪೇಸರ್ ಮೂಲಕ ಸರಿಯಾಗಿ ಕೊಟ್ಟದ್ದು ನೆಬುಲೈಸರಿಗೆ ಸಮ, ಅದಿಲ್ಲವೆಂದು ಹೊತ್ತು ಕಳೆಯಬೇಡಿ. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ನಾಡಿ 120 ದಾಟಿದರೆ, ಆಕ್ಸಿಜನ್ 92ಕ್ಕಿಂತ ಕೆಳಗಿದ್ದರೆ ಎರಡನೇ ಸುತ್ತಿಗೆ ಕಾಯದೆ 108ಕ್ಕೆ ಫೋನ್ ಮಾಡಿ, ದಾರಿಯಲ್ಲೂ ಪಂಪ್ ಕೊಡುತ್ತಲೇ ಹೋಗಿ. ಗೂರಲಿನ ಸದ್ದು ನಿಂತು ರೋಗಿ ಮಂಕಾದರೆ ಸುಧಾರಿಸಿತೆಂದು ತಿಳಿಯಬೇಡಿ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಆಡುತ್ತಿಲ್ಲ ಎಂದರ್ಥ, ಆಗ ಒಂದೊಂದು ನಿಮಿಷವೂ ಮುಖ್ಯ.